ಕ್ಷಯದ ಕ್ರಿಮಿಯ ಬಳಗಕ್ಕೂ ಒಬ್ಬ ಶತ್ರು



ತೆಂಗಿನ ತೋಟವಿರುವ ನಿಮಗೆ ಕಪ್ಪುತಲೆ ಹುಳುವಿನ ಕಾಟ ಏನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗರಿಯ ತಳಭಾಗದಲ್ಲಿ ಸೇರಿಕೊಂಡು ಹಸಿರನ್ನೆಲ್ಲ ಕೆರೆದು ತಿಂದುಬಿಡುತ್ತದೆ. ದೂರದಿಂದ ನೋಡಿದರೆ ತೋಟಕ್ಕೆ ಬೆಂಕಿ ಬಿದ್ದ ಹಾಗೆ ಕಾಣುತ್ತದೆ. ಆದರೆ ಈ ಹುಳುವನ್ನೇ ಹುಡುಕಿಕೊಂಡು ಹೋಗಿ ಅದರ ಮೈಮೇಲೆ ಮೊಟ್ಟೆ ಇಡುವ ಒಂದು ಪುಟ್ಟ ಕಣಜದ ಜಾತಿಯ ಕೀಟವೂ ಉಂಟು. ಅದರ ಮರಿಗಳು ಹುಳುವನ್ನೇ ತಿಂದು ಬೆಳೆಯುತ್ತವೆ. ಇಲಾಖೆಯವರು ಆ ಕೀಟವನ್ನು ಸಾಕಿ ತೋಟಗಳಲ್ಲಿ ಬಿಡುವುದನ್ನು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಂದಿ ಕಂಡಿದ್ದೀರಿ. ಶತ್ರುವಿನ ಶತ್ರು ನಮಗೆ ಮಿತ್ರ, ಅಷ್ಟೇ ಲೆಕ್ಕ.

ಹಾಗಾದರೆ ಮನುಷ್ಯನಿಗೆ ರೋಗ ತರುವ ಕ್ರಿಮಿಗಳಿಗೂ ಇಂಥ ಶತ್ರುಗಳಿವೆಯೇ? ಇವೆ. ನಿಮ್ಮ ಗೊಬ್ಬರದ ಗುಂಡಿಯಲ್ಲಿವೆ, ಹೊಲದ ಮಣ್ಣಿನಲ್ಲಿವೆ, ಕುಣಿಗಲ್ಲಿನ ಕೆರೆಯ ನೀರಿನಲ್ಲಿವೆ. ಒಂದು ಚಮಚ ಕೆರೆಯ ನೀರಿನಲ್ಲಿ ಇಂಥವು ಕೋಟಿಗಟ್ಟಲೆ ಇರುತ್ತವೆ ಎಂದರೆ ನಂಬುವುದು ಕಷ್ಟ, ಆದರೆ ನಿಜ. ಇವಕ್ಕೆ ಬ್ಯಾಕ್ಟೀರಿಯೋಫೇಜ್ ಎಂದು ಹೆಸರು. ‘ಬ್ಯಾಕ್ಟೀರಿಯಾವನ್ನು ತಿನ್ನುವಂಥದು’ ಎಂದು ಅದರ ಅರ್ಥ. ನಾವು ಚುಟುಕಾಗಿ ಫೇಜ್ ಎನ್ನೋಣ. ಈ ದಿನ ಹೇಳಹೊರಟಿರುವುದು ಇವುಗಳ ಚರಿತ್ರೆ; ಅದರಲ್ಲೂ ಬೆಂಗಳೂರಿನಲ್ಲಿ ಹೆಸರು ಪಡೆದ ಒಂದು ಫೇಜಿನ ಚರಿತ್ರೆ. ‘ಇದೇನು ಸ್ವಾಮಿ, ರಾಗಿ ಬೆಳೆಯೋ ನಮಗೂ ಇದಕ್ಕೂ ಏನು ಸಂಬಂಧ?’ ಅನ್ನಬಹುದು. ಸಂಬಂಧವಿದೆ. ಈ ಕತೆಯ ಇನ್ನೊಂದು ತುದಿ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲೇ ಇದೆ. ಅದು ಕ್ಷಯದ ಕತೆ.

ಮೊದಲು ಫೇಜ್ ಅಂದರೆ ಏನು, ಅದರ ಕೆಲಸ ಹೇಗೆ ಎಂಬುದನ್ನು ನೋಡೋಣ. ಬ್ಯಾಕ್ಟೀರಿಯಾ ಬರಿಗಣ್ಣಿಗೆ ಕಾಣದು, ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಫೇಜ್ ಅದಕ್ಕಿಂತಲೂ ಎಷ್ಟೋ ಪಾಲು ಚಿಕ್ಕದು. ಒಂದು ಮಿಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಅದರ ತಲೆ. ತಲೆಯ ಕೆಳಗೆ ಒಂದು ಬಾಲ. ಅದು ಬ್ಯಾಕ್ಟೀರಿಯಾದ ಮೈಗೆ ಬಾಲದಿಂದ ಅಂಟಿಕೊಂಡು, ತಲೆಯೊಳಗಿರುವ ದಾರದಂಥ ವಸ್ತುವನ್ನು ಒಳಕ್ಕೆ ಇಳಿಸುತ್ತದೆ. ಆ ದಾರದಲ್ಲಿ ಬರೆದಿರುವ ಆಜ್ಞೆ ಒಂದೇ: ‘ನನ್ನಂಥವನ್ನೇ ಮಾಡು.’ ಬ್ಯಾಕ್ಟೀರಿಯಾ ತನ್ನ ಕೆಲಸ ಬಿಟ್ಟು ಫೇಜುಗಳನ್ನು ಮಾಡುತ್ತಾ ಹೋಗುತ್ತದೆ. ಕೊನೆಗೆ ಬಲಿತ ಹರಳುಕಾಯಿ ಸಿಡಿಯುವ ಹಾಗೆ ಸಿಡಿಯುತ್ತದೆ. ಒಳಗಿಂದ ಹತ್ತಾರು, ನೂರಾರು ಹೊಸ ಫೇಜುಗಳು ಹೊರಬಂದು ಮುಂದಿನ ಬ್ಯಾಕ್ಟೀರಿಯಾವನ್ನು ಹುಡುಕುತ್ತವೆ. ಮನುಷ್ಯನ ಜೀವಕೋಶವನ್ನು ಇವು ಮುಟ್ಟುವುದಿಲ್ಲ. ಬ್ಯಾಕ್ಟೀರಿಯಾಗಳಲ್ಲೂ ಎಲ್ಲವನ್ನೂ ಮುಟ್ಟುವುದಿಲ್ಲ. ತೆಂಗಿನ ಹುಳು ರಾಗಿ ಪೈರಿಗೆ ಹೇಗೆ ಹೋಗುವುದಿಲ್ಲವೋ ಹಾಗೆ ಪ್ರತಿ ಫೇಜಿಗೂ ತನ್ನದೇ ಆದ ಬ್ಯಾಕ್ಟೀರಿಯಾ ಗೊತ್ತು.

ಇವು ಇರುವ ಸುಳಿವು ಮೊದಲು ಸಿಕ್ಕಿದ್ದು ನಮ್ಮ ದೇಶದಲ್ಲೇ ಎಂದು ಹೇಳುವವರಿದ್ದಾರೆ. ಆಗ್ರಾದಲ್ಲಿ ಸರ್ಕಾರದ ಕೆಲಸದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ಶಾಸ್ತ್ರಜ್ಞರು 1896ರಲ್ಲಿ ಗಂಗಾ ಯಮುನಾ ನದಿಗಳ ನೀರನ್ನು ಪರೀಕ್ಷಿಸಿದರು. ಕಾಲರಾ ಕ್ರಿಮಿ ಆ ನೀರಿನಲ್ಲಿ ಬೇಗ ಸಾಯುತ್ತಿತ್ತು. ಆದರೆ ನೀರನ್ನು ಕುದಿಸಿದರೆ ಆ ಗುಣ ಹೋಗಿಬಿಡುತ್ತಿತ್ತು. ಅದು ಫೇಜಿನ ಕೆಲಸವೇ ಆಗಿತ್ತೇ ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಇದನ್ನು ಕೇಳಿ ಹೊಳೆಯ ನೀರು ಹಾಗೇ ಕುಡಿಯಬಹುದು ಎಂದು ಮಾತ್ರ ತಿಳಿಯಬೇಡಿ. ಅದೇ ಹೊಳೆಯ ದಂಡೆಯಲ್ಲಿ ಕಾಲರಾದಿಂದ ಸತ್ತವರು ಲಕ್ಷಗಟ್ಟಲೆ.

ಖಚಿತವಾಗಿ ಫೇಜನ್ನು ಗುರುತಿಸಿದವರು ಇಬ್ಬರು. 1915ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಟ್ವೋರ್ಟ್, 1917ರಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ಡಿ ಹೆರೆಲ್. ಹೆಸರಿಟ್ಟವರು ಡಿ ಹೆರೆಲ್. ಅವರು ಮೊದಮೊದಲು ಪರೀಕ್ಷೆ ಮಾಡಿದ್ದು ಕೋಳಿಗಳ ಮೇಲೆ. 1919ರಲ್ಲಿ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಕೋಳಿಗಳಿಗೆ ಬಂದ ಒಂದು ಬೇನೆಗೆ ಫೇಜನ್ನು ಕೊಟ್ಟು ನೋಡಿದರು. 1927ರಲ್ಲಿ ಅವರು ಭಾರತಕ್ಕೆ ಬಂದರು. ಪಂಜಾಬಿನ ಹಳ್ಳಿಗಳಲ್ಲಿ ಕಾಲರಾ ಬಂದಾಗ ರೋಗಿಗಳಿಗೆ ಫೇಜನ್ನು ಕುಡಿಸಿದರು, ಬಾವಿಗಳಿಗೂ ಹಾಕಿಸಿದರು. ಆಮೇಲೆ ಅಸ್ಸಾಮಿನ ನೌಗಾಂವ್ ಸೀಮೆಯಲ್ಲಿ ಹಳ್ಳಿಹಳ್ಳಿಗೆ ಫೇಜಿನ ಶೀಶೆಗಳು ಹೋದವು. ಗುಣ ಕಂಡಿತು ಎಂದವರೂ ಇದ್ದರು, ಸರಿಯಾದ ಹೋಲಿಕೆ ಇಲ್ಲದೆ ನಂಬುವುದು ಹೇಗೆ ಎಂದವರೂ ಇದ್ದರು. ಅಷ್ಟರಲ್ಲಿ ಪೆನಿಸಿಲಿನ್ ಮೊದಲಾದ ಹೊಸ ಮದ್ದುಗಳು ಬಂದವು. ರಷ್ಯದ ಕಡೆ, ಮುಖ್ಯವಾಗಿ ಜಾರ್ಜಿಯಾ ದೇಶದಲ್ಲಿ, ಫೇಜಿನ ಔಷಧ ಉಳಿದುಕೊಂಡಿತು. ಉಳಿದ ಹೆಚ್ಚಿನ ಕಡೆ ವೈದ್ಯರು ಅದನ್ನು ಮೂಲೆಗಿಟ್ಟರು.

ಈಗ ನಮ್ಮ ಜಿಲ್ಲೆಗೆ ಬರೋಣ. ಆ ಕಾಲದಲ್ಲಿ ಕ್ಷಯವೆಂದರೆ ಪಟ್ಟಣದ ಕಾಯಿಲೆ, ಗಿರಣಿಯ ಹೊಗೆ ಕುಡಿಯುವವರ ಕಾಯಿಲೆ ಎಂದು ಜನ ತಿಳಿದಿದ್ದರು. ಹಳ್ಳಿಯಲ್ಲಿ ಒಳ್ಳೆಯ ಗಾಳಿ ಇದೆ, ಇಲ್ಲಿಗೆ ಅದು ಎಲ್ಲಿ ಬರುತ್ತದೆ ಎನ್ನುತ್ತಿದ್ದರು. 1955ರಿಂದ 1958ರವರೆಗೆ ದೇಶದ ಆರು ಕಡೆ ತಪಾಸಣೆ ನಡೆಯಿತು. ಹಳ್ಳಿಯಲ್ಲೂ ಪಟ್ಟಣದಷ್ಟೇ ಕ್ಷಯವಿದೆ ಎಂದು ಆಗ ಗೊತ್ತಾಯಿತು. 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಹುಟ್ಟಿತು. ಮರುವರ್ಷ ಪ್ರಧಾನಿ ನೆಹರು ಅವರು ಅದನ್ನು ವಿಧಿವತ್ತಾಗಿ ಉದ್ಘಾಟಿಸಿದರು. ಸಂಸ್ಥೆಯವರು ಮೊದಲು ಲೆಕ್ಕ ತೆಗೆಯಲು ಆರಿಸಿಕೊಂಡ ಜಾಗಗಳಲ್ಲಿ ಒಂದು ನಮ್ಮ ತುಮಕೂರು ಜಿಲ್ಲೆ.

1960–61ರಲ್ಲಿ ಈ ತಪಾಸಣೆ ನಡೆಯಿತು. ಜಿಲ್ಲೆಯ ಹಳ್ಳಿಗಳನ್ನೂ ಪಟ್ಟಣದ ಕೆಲವು ಭಾಗಗಳನ್ನೂ ಚೀಟಿ ಎತ್ತಿದ ಹಾಗೆ ಆರಿಸಿದರು. ಎಕ್ಸ್‌ರೇ ಯಂತ್ರವನ್ನು ಹೊತ್ತ ಗಾಡಿಗಳು ಊರಿಗೆ ಬಂದವು. ಮನೆಮನೆಗೆ ಹೋಗಿ ಹೆಸರು ಬರೆದುಕೊಂಡು, ತೋಳಿಗೆ ಸೂಜಿಮದ್ದು ಹಾಕಿ ನೋಡಿದರು, ಎದೆಯ ಚಿತ್ರ ತೆಗೆದರು, ಸಂಶಯ ಬಂದವರ ಕಫವನ್ನು ಪರೀಕ್ಷಿಸಿದರು. ಕಫದಲ್ಲಿ ಕ್ರಿಮಿ ಇದ್ದವರು ಸಾವಿರಕ್ಕೆ ಸುಮಾರು ನಾಲ್ವರು. ನಾಲ್ವರು ತಾನೇ ಎನ್ನಬೇಡಿ. ಒಂದು ಸಾವಿರ ಜನರಿರುವ ಊರಿನಲ್ಲಿ ನಾಲ್ಕು ಮನೆಗಳಲ್ಲಿ ಒಬ್ಬೊಬ್ಬರು ಕೆಮ್ಮುತ್ತಾ, ಪಕ್ಕದಲ್ಲಿ ಮಲಗಿದ ಮಕ್ಕಳಿಗೆ ಕ್ರಿಮಿಯನ್ನು ಹಂಚುತ್ತಿದ್ದಾರೆ ಎಂದು ಅದರ ಅರ್ಥ.

ಈ ತಪಾಸಣೆಯ ಬೆನ್ನಿಗೇ ಇನ್ನೊಂದು ವಿಚಾರಣೆ ನಡೆಯಿತು. ಅದನ್ನು ನಾವು ಹೆಮ್ಮೆಯಿಂದಲೂ ಸಂಕಟದಿಂದಲೂ ನೆನೆಯಬೇಕು. ಹಳ್ಳಿಯ ಜನ ಮೂಢರು, ಕಾಯಿಲೆ ಬಂದರೂ ಅವರಿಗೆ ತಿಳಿಯದು, ತಿಳಿದರೂ ಆಸ್ಪತ್ರೆಗೆ ಬರುವವರಲ್ಲ ಎಂದು ದೊಡ್ಡವರು ಹೇಳುತ್ತಿದ್ದರು. ಅದು ಹೌದೇ ಎಂದು ನೋಡಲು ಡಾ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯಲ್ಲಿ ಕ್ಷಯವಿದ್ದವರನ್ನೇ ಕೇಳುವ ಏರ್ಪಾಡು ಮಾಡಿದರು. ಅವರ ವರದಿ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ಅದು ಹೇಳಿದ್ದೇನು? ಕಫದಲ್ಲಿ ಕ್ರಿಮಿ ಇದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮಗೆ ಏನೋ ಆಗಿದೆ ಎಂಬ ಅರಿವಿತ್ತು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಯಾರೂ ಕರೆಯದೆ, ತಾವಾಗಿಯೇ, ಕೂಲಿ ಬಿಟ್ಟು, ದಾರಿ ನಡೆದು ಆಸ್ಪತ್ರೆಗೆ ಹೋಗಿದ್ದರು. ಆದರೆ ಅಲ್ಲಿ ಕಫ ನೋಡುವ ಏರ್ಪಾಡಿರಲಿಲ್ಲ. ಎಷ್ಟೋ ಮಂದಿಯನ್ನು ಒಂದು ಶೀಶೆ ಕೆಮ್ಮಿನ ಔಷಧ ಕೊಟ್ಟು ಮನೆಗೆ ಕಳಿಸಿದ್ದರು.

ತಪ್ಪು ಹಳ್ಳಿಯವನದಲ್ಲ ಎಂದು ನಮ್ಮ ಜಿಲ್ಲೆಯ ಜನರ ಬಾಯಿಂದಲೇ ಹೀಗೆ ರುಜುವಾತಾಯಿತು. ದೇಶದ ಕ್ಷಯ ಕಾರ್ಯಕ್ರಮ 1962ರಲ್ಲಿ ಶುರುವಾದಾಗ, ಕ್ಷಯಕ್ಕೆ ಬೇರೆಯದೇ ದೊಡ್ಡ ಆಸ್ಪತ್ರೆಗಳನ್ನು ಕಟ್ಟುವ ಬದಲು ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ, ಅಲ್ಲೇ ಮದ್ದು ಎಂಬ ದಾರಿ ಹಿಡಿದರು. ಅದರ ಹಿಂದೆ ತುಮಕೂರಿನ ಈ ಪಾಠವೂ ಇತ್ತು. ಇನ್ನೊಂದು ಪಾಠ ಮದರಾಸಿನಿಂದ ಬಂದಿತ್ತು. 1956ರಲ್ಲಿ ಅಲ್ಲಿ ತೊಡಗಿದ ಪರೀಕ್ಷೆಯಲ್ಲಿ, ಸ್ಯಾನಟೋರಿಯಂನಲ್ಲಿ ಮಲಗಿ ಮೊಟ್ಟೆ ಹಾಲು ಉಂಡವರಷ್ಟೇ ಚೆನ್ನಾಗಿ, ಮನೆಯಲ್ಲೇ ಇದ್ದು ಮಾತ್ರೆ ನುಂಗಿದ ಬಡವರೂ ಗುಣವಾಗಿದ್ದರು.

ಹಾಗಾದರೆ ಕ್ಷಯ ಏಕೆ ಹೋಗಲಿಲ್ಲ? ಆ ಕ್ರಿಮಿ ಬಲು ಹಟಮಾರಿ. ರಾಬರ್ಟ್ ಕಾಕ್ 1882ರಲ್ಲಿ ಅದನ್ನು ಕಂಡುಹಿಡಿದಂದಿನಿಂದ ಶಾಸ್ತ್ರಜ್ಞರಿಗೆ ಅದರೊಡನೆ ಗುದ್ದಾಟವೇ. ಮೈಮೇಲೆ ಮೇಣದಂಥ ದಪ್ಪ ಹೊದಿಕೆ. ಮದ್ದು ಸುಲಭವಾಗಿ ಒಳಕ್ಕೆ ಇಳಿಯದು. ಬೆಳೆಯುವುದೂ ನಿಧಾನ. ಬೇರೆ ಬ್ಯಾಕ್ಟೀರಿಯಾ ಅರ್ಧ ಗಂಟೆಯಲ್ಲಿ ಒಂದಿದ್ದದ್ದು ಎರಡಾದರೆ, ಇದಕ್ಕೆ ಸುಮಾರು ಒಂದು ಹಗಲು ರಾತ್ರಿ ಬೇಕು. ಪ್ರಯೋಗಶಾಲೆಯಲ್ಲಿ ಬಿತ್ತಿದರೆ ಕಣ್ಣಿಗೆ ಕಾಣುವಷ್ಟು ಬೆಳೆಯಲು ವಾರಗಟ್ಟಲೆ ಕಾಯಬೇಕು. ರಾಗಿ ಬಿತ್ತಿದವನು ನಾಲ್ಕು ತಿಂಗಳಿಗೆ ಫಲ ನೋಡುತ್ತಾನೆ, ತೆಂಗಿನ ಸಸಿ ಇಟ್ಟವನು ವರ್ಷಗಟ್ಟಲೆ ಕಾಯುತ್ತಾನೆ. ಕ್ಷಯದ ಕ್ರಿಮಿಯನ್ನು ಅಭ್ಯಾಸ ಮಾಡುವವನು ತೆಂಗಿನವನ ಹಾಗೆ.

ಇಲ್ಲಿಗೆ ಫೇಜಿನ ಕತೆ ಮತ್ತೆ ಬಂದು ಕೂಡುತ್ತದೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಇದೆ. 1909ರಲ್ಲಿ ಸ್ಥಾಪನೆಯಾದದ್ದು, ನಮ್ಮ ಹಿರಿಯರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟು. ಅಲ್ಲಿ ಪ್ರೊಫೆಸರ್ ಟಿ. ರಾಮಕೃಷ್ಣನ್ ಅವರೂ ಅವರ ಜೊತೆಯವರೂ ಕ್ಷಯದ ಕ್ರಿಮಿಯ ಜೀವನವನ್ನು ಬಹಳ ಕಾಲ ಅಭ್ಯಾಸ ಮಾಡುತ್ತಿದ್ದರು. ಆ ಕ್ರಿಮಿಗೆ ಒಬ್ಬ ಸೋದರಸಂಬಂಧಿ ಉಂಟು. ಅದೇ ಬಳಗ, ಅದೇ ಮೇಣದ ಹೊದಿಕೆ. ಆದರೆ ಸಾಮಾನ್ಯವಾಗಿ ಯಾರಿಗೂ ಕೇಡು ಮಾಡದ್ದು, ಎರಡು ಮೂರು ದಿನಕ್ಕೆ ಬೆಳೆದು ಕಾಣುವಂಥದು. ಅದರ ಹೆಸರು ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್. ಈ ಸಾಧು ಕ್ರಿಮಿಯನ್ನು ಹಿಡಿದು ಬೆಳೆಯುವ ಒಂದು ಫೇಜಿನೊಡನೆ ಅವರು ಕೆಲಸ ಮಾಡಿದರು. ಅದಕ್ಕೆ ಇಟ್ಟ ಹೆಸರು ಐ-3.

1970ರಲ್ಲಿ ಸಿ. ವಿ. ಸುಂದರರಾಜ್ ಮತ್ತು ರಾಮಕೃಷ್ಣನ್ ಅವರು ‘ನೇಚರ್’ ಎಂಬ ಹೆಸರಾದ ಪತ್ರಿಕೆಯಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಐ-3 ಒಂದು ಬ್ಯಾಕ್ಟೀರಿಯಾದಿಂದ ಹೊರಡುವಾಗ ಒಮ್ಮೊಮ್ಮೆ ಕೈತಪ್ಪಿ, ತನ್ನ ದಾರದ ಬದಲು ಆ ಬ್ಯಾಕ್ಟೀರಿಯಾದ ದಾರದ ತುಂಡನ್ನು ತಲೆಯಲ್ಲಿ ತುಂಬಿಕೊಂಡು ಹೋಗುತ್ತದೆ. ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಅದನ್ನು ಇಳಿಸುತ್ತದೆ. ಜೇನುನೊಣ ತನಗೆ ಗೊತ್ತಿಲ್ಲದೆಯೇ ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುವುದಿಲ್ಲವೇ, ಹಾಗೆ. ಆಗ ಮೊದಲನೆಯದರ ಗುಣ ಎರಡನೆಯದಕ್ಕೆ ಬರುತ್ತದೆ. ಈ ಬಳಗದ ಕ್ರಿಮಿಗಳಲ್ಲಿ ಯಾವ ಗುಣ ದಾರದ ಯಾವ ಭಾಗದಲ್ಲಿದೆ ಎಂದು ಹುಡುಕಲು ಅಲ್ಲಿಯವರೆಗೆ ಸಲಕರಣೆಗಳೇ ಅಪರೂಪವಾಗಿದ್ದವು. ಬೆಂಗಳೂರಿನ ಫೇಜ್ ಅಂಥ ಒಂದು ಸಲಕರಣೆಯಾಯಿತು. ಆಮೇಲೆ ಅದೇ ಸಂಸ್ಥೆಯ ಕೆ. ಪಿ. ಗೋಪಿನಾಥನ್ ಅವರ ಬಳಗದವರು 1980ರ ದಶಕದಲ್ಲಿ ಐ-3ರ ದಾರವನ್ನೇ ಬಿಡಿಸಿ ನೋಡಿ, ಅದರ ಎರಡು ಎಳೆಗಳಲ್ಲಿ ಅಲ್ಲಲ್ಲಿ ಒಂದು ಎಳೆ ತುಂಡಾಗಿರುವುದನ್ನು ತೋರಿಸಿದರು.

ನಮ್ಮಲ್ಲಿ ಬೆಡಗು, ಗೋತ್ರ ಇರುವ ಹಾಗೆ ಫೇಜುಗಳಲ್ಲೂ ಕುಲಗಳುಂಟು. ಲೋಕದ ವೈರಾಣು ಶಾಸ್ತ್ರಜ್ಞರು ಕೂಡಿ ಕುಲ ವಿಂಗಡಿಸುವಾಗ ಈ ಕುಲಕ್ಕೆ ಮೊದಲು ಇಟ್ಟ ಹೆಸರೇ ‘ಐ-3 ತರಹದ ವೈರಾಣುಗಳು’. ಬೆಂಗಳೂರಿನ ಫೇಜೇ ಕುಲಕ್ಕೆ ಮೂಲಪುರುಷ! ಆಮೇಲೆ ನ್ಯೂಯಾರ್ಕ್ ಪಟ್ಟಣದ ಬ್ರಾಂಕ್ಸ್ ಮೃಗಾಲಯದ ಮಣ್ಣಿನಲ್ಲಿ ಇದರ ದಾಯಾದಿಯೊಂದು ಸಿಕ್ಕಿತು. 2003ರಲ್ಲಿ ಅದರ ದಾರದ ಒಂದೂವರೆ ಲಕ್ಷಕ್ಕೂ ಹೆಚ್ಚು ಅಕ್ಷರಗಳನ್ನು ಪೂರ್ತಿ ಓದಿ ಪ್ರಕಟಿಸಿದರು. ಈಗ ಕುಲದ ಹೆಸರು ಆ ಮೃಗಾಲಯದ ಫೇಜಿನಿಂದ ಬಂದ ಬಿಕ್ಸ್‌ಜುನಾವೈರಸ್. ಹೆಸರು ಬದಲಾಯಿತು, ಸಂಬಂಧ ಉಳಿಯಿತು. ಬೆಂಗಳೂರಿನದೂ ಅಮೆರಿಕದ ಮಣ್ಣಿನದೂ ಒಂದೇ ಮನೆತನವೆಂದರೆ, ಇವು ಎಷ್ಟು ಹಳೆಯವು, ಎಷ್ಟು ದೂರ ಹರಡಿವೆ ಎಂದು ನೀವೇ ಲೆಕ್ಕ ಹಾಕಿ.

ಫೇಜಿನಿಂದ ಕ್ಷಯದ ರೋಗಿಗೆ ಏನು ಬಂತು? ಎರಡು ಸಂಗತಿ ಹೇಳುತ್ತೇನೆ. ಮೊದಲನೆಯದು ಮಿಂಚುಹುಳುವಿನದು. 1993ರಲ್ಲಿ ಅಮೆರಿಕದ ಶಾಸ್ತ್ರಜ್ಞರು ಕ್ಷಯದ ಕ್ರಿಮಿಗೆ ಅಂಟುವ ಬೇರೊಂದು ಫೇಜಿನೊಳಗೆ ಮಿಂಚುಹುಳುವಿನ ಬೆಳಕಿನ ಗುಣವನ್ನು ಸೇರಿಸಿದರು. ಜೀವವಿರುವ ಕ್ರಿಮಿಗೆ ಆ ಫೇಜ್ ಹೊಕ್ಕರೆ ಮಿಣುಕು ಬೆಳಕು. ಕ್ರಿಮಿಗೆ ಮದ್ದು ಕೊಟ್ಟು ನೋಡಿ; ಬೆಳಕು ಆರಿದರೆ ಮದ್ದು ನಾಟಿದೆ, ಆರದಿದ್ದರೆ ಆ ಮದ್ದಿಗೆ ಕ್ರಿಮಿ ಬಗ್ಗುವುದಿಲ್ಲ. ವಾರಗಟ್ಟಲೆ ಕಾಯುವ ಕೆಲಸ ದಿನಗಳಲ್ಲಿ ಆಗಬಹುದೆಂದು ಇದು ತೋರಿಸಿತು.

ಎರಡನೆಯದು ಬದನೆಕಾಯಿಯದು. 2010ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಕೊಳೆತ ಬದನೆಕಾಯಿಯ ಅಡಿಯಿಂದ ಒಂದು ಫೇಜನ್ನು ಬೇರ್ಪಡಿಸಿದ್ದರು. ಕ್ಷಯದ ಬಳಗದ್ದೇ ಆದ, ಯಾವ ಮದ್ದಿಗೂ ಬಗ್ಗದ ಒಂದು ಕ್ರಿಮಿ ಇಂಗ್ಲೆಂಡಿನ ಹದಿನೈದು ವರ್ಷದ ಹುಡುಗಿಯ ಮೈಯೆಲ್ಲ ಹರಡಿದಾಗ, ಬದನೆಕಾಯಿಯ ಆ ಫೇಜನ್ನೂ ಇನ್ನೆರಡನ್ನೂ ಸೇರಿಸಿ ಕೊಟ್ಟರು. ಗಾಯಗಳು ಮಾಯತೊಡಗಿದವು, ಹುಡುಗಿ ಚೇತರಿಸಿಕೊಂಡಳು. 2019ರಲ್ಲಿ ಇದು ಪ್ರಕಟವಾದ ಮೇಲೆ ಮೂಲೆಗಿಟ್ಟಿದ್ದ ಫೇಜನ್ನು ಲೋಕದ ವೈದ್ಯರು ಮತ್ತೆ ಕೈಗೆತ್ತಿಕೊಂಡರು.

‘ಹಾಗಾದರೆ ನಮಗೂ ಅದನ್ನೇ ಕೊಡಲಿ’ ಅನ್ನುತ್ತೀರಾ? ತಡೆಯಿರಿ. ಮನುಷ್ಯನ ಕ್ಷಯಕ್ಕೆ ಫೇಜಿನ ಚಿಕಿತ್ಸೆ ಇನ್ನೂ ಪರೀಕ್ಷೆಯ ಹಂತದಲ್ಲೇ ಇದೆ. ಕ್ಷಯದ ಕ್ರಿಮಿ ನಮ್ಮದೇ ಜೀವಕೋಶಗಳ ಒಳಗೆ, ಶ್ವಾಸಕೋಶದ ಗಂಟುಗಳ ನಡುವೆ ಅಡಗಿ ಕೂರುತ್ತದೆ. ಅಲ್ಲಿಗೆ ಫೇಜ್ ಹೋಗಿ ಮುಟ್ಟುವುದು ಸುಲಭವಲ್ಲ. ಫೇಜನ್ನು ಶೀಶೆಯಲ್ಲಿ ತಂದು ಕ್ಷಯ ವಾಸಿಮಾಡುತ್ತೇನೆ ಎಂದು ಯಾರಾದರೂ ಬಂದರೆ ನಂಬಬೇಡಿ, ದುಡ್ಡು ಕೊಡಬೇಡಿ. ಇಂದಿನ ದಿನ ಕ್ಷಯಕ್ಕೆ ಮದ್ದೆಂದರೆ ಮಾತ್ರೆಗಳೇ.

ಮಾತ್ರೆಯ ಕತೆಯಲ್ಲಿ ನಮ್ಮ ಪಾಲಿನ ಕೆಲಸ ಒಂದಿದೆ. ಹೊಲದಲ್ಲಿ ಜೇಕು ಕಿತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಹುಲ್ಲು ಕಿತ್ತು, ಮಣ್ಣಿನೊಳಗಿನ ಗೆಡ್ಡೆ ಬಿಟ್ಟರೆ ಏನಾಗುತ್ತದೆ? ಹದಿನೈದು ದಿನಕ್ಕೆ ಮೊದಲಿಗಿಂತ ಜೋರು. ಕ್ಷಯದ ಮಾತ್ರೆ ತೆಗೆದುಕೊಂಡ ಒಂದೆರಡು ತಿಂಗಳಿಗೇ ಜ್ವರ ಬಿಡುತ್ತದೆ, ಹಸಿವಾಗುತ್ತದೆ, ಮೈ ತುಂಬುತ್ತದೆ. ‘ಗುಣವಾಯ್ತಲ್ಲ, ಇನ್ಯಾಕೆ?’ ಎಂದು ನಿಲ್ಲಿಸಿದರೆ ಒಳಗೆ ಉಳಿದವು ಗಟ್ಟಿ ಕ್ರಿಮಿಗಳು. ಅವು ಮರಳಿ ಬೆಳೆದಾಗ ಅದೇ ಮಾತ್ರೆಗೆ ಬಗ್ಗುವುದಿಲ್ಲ. ಅಂಥ ಕ್ರಿಮಿ ಮನೆಯವರಿಗೆ ಹರಡಿದರೆ ಅವರಿಗೂ ಆ ಮಾತ್ರೆ ನಾಟದು. ಶಾಸ್ತ್ರಜ್ಞರು ಫೇಜಿನತ್ತ ಮರಳಿ ನೋಡುತ್ತಿರುವುದೇ ಇಂಥ ಬಗ್ಗದ ಕ್ರಿಮಿಗಳು ಹೆಚ್ಚಿದ್ದರಿಂದ. ನಮ್ಮ ದೇಶದಲ್ಲಿ ಈಗಲೂ ವರ್ಷಕ್ಕೆ 25 ಲಕ್ಷಕ್ಕಿಂತ ಹೆಚ್ಚು ಮಂದಿಗೆ ಕ್ಷಯ ಬರುತ್ತಿದೆ.

ಆದ್ದರಿಂದ ಇಷ್ಟನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಮೈ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದು ಕಂಡರೂ ಕಫ ಪರೀಕ್ಷೆ ಮಾಡಿಸಬೇಕು. ಗುಬ್ಬಿಯವರು, ಕುಣಿಗಲ್ಲಿನವರು ತಾಲ್ಲೂಕು ಆಸ್ಪತ್ರೆಗೆ ಹೋಗಿ. ತುಮಕೂರಿನವರಿಗೆ ಜಿಲ್ಲಾ ಆಸ್ಪತ್ರೆಯೇ ಇದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಪರೀಕ್ಷೆಗೂ ಮದ್ದಿಗೂ ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಕ್ರಿಮಿ ಇದೆಯೇ, ಅದು ಮುಖ್ಯ ಮದ್ದಿಗೆ ಬಗ್ಗುತ್ತದೆಯೇ ಎಂದು ಕೆಲವು ಗಂಟೆಗಳಲ್ಲೇ ಹೇಳುವ ಯಂತ್ರಗಳು ಈಗ ಬಂದಿವೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮದ್ದು. ವೈದ್ಯರು ಸಾಕು ಎನ್ನುವವರೆಗೆ ಒಂದು ದಿನವೂ ತಪ್ಪಿಸಬಾರದು. ದನಗಳಿಗೂ ಕ್ಷಯ ಬರುತ್ತದೆ, ಹಾಲಿನ ಮೂಲಕ ಮನುಷ್ಯನಿಗೂ ಅಂಟಬಹುದು. ಹಾಲನ್ನು ಚೆನ್ನಾಗಿ ಕಾಯಿಸಿಯೇ ಕುಡಿಯಿರಿ, ಮಕ್ಕಳಿಗೆ ಹಸಿ ಹಾಲು ಕೊಡಬೇಡಿ.

ಇನ್ನೊಂದು ಮಾತು, ಸೊಸೆ ಕೆಮ್ಮಿದರೆ ತವರಿಗೆ ಕಳಿಸುವುದು, ಮಗಳಿಗೆ ಕ್ಷಯವೆಂದರೆ ಮದುವೆ ಮುರಿಯುವುದೆಂದು ಮುಚ್ಚಿಡುವುದು, ಇವು ನಮ್ಮಲ್ಲಿ ಇನ್ನೂ ಹೋಗಿಲ್ಲ. ಮದ್ದು ಸರಿಯಾಗಿ ನಾಟಿದವರಿಂದ ಕೆಲವೇ ವಾರಗಳಲ್ಲಿ ರೋಗ ಹರಡುವುದು ನಿಲ್ಲುತ್ತದೆ. ಮುಚ್ಚಿಟ್ಟ ಕೆಮ್ಮು ಮಾತ್ರ ಮನೆಮಂದಿಗೆಲ್ಲ ಹರಡುತ್ತಲೇ ಇರುತ್ತದೆ.

ಅರುವತ್ತು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಹಿರಿಯರು ರೋಗವನ್ನು ತಾವೇ ಅರಿತು ಆಸ್ಪತ್ರೆಯ ಬಾಗಿಲಿಗೆ ಹೋದರು. ಬಾಗಿಲಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಶೀಶೆ. ಈಗ ಆ ಬಾಗಿಲಲ್ಲಿ ಕಫ ಪರೀಕ್ಷೆ ಇದೆ, ಮದ್ದು ಇದೆ. ಯಾರಾದರೂ ಬರಿಯ ಕೆಮ್ಮಿನ ಔಷಧ ಕೊಟ್ಟು ಕಳಿಸಲು ನೋಡಿದರೆ, ‘ಸ್ವಾಮಿ, ಕಫ ಪರೀಕ್ಷೆ ಮಾಡಿಸಿಕೊಡಿ’ ಎಂದು ಬಾಯಿಬಿಟ್ಟು ಕೇಳಿ. ಕೇಳುವುದು ನಿಮ್ಮ ಹಕ್ಕು. ಮಣ್ಣಿನಲ್ಲಿರುವ ನಮ್ಮ ಪುಟ್ಟ ಮಿತ್ರನನ್ನು ಔಷಧವಾಗಿ ಪಳಗಿಸುವ ಕೆಲಸ ಶಾಸ್ತ್ರಜ್ಞರು ಮಾಡುತ್ತಿರಲಿ. ಈಗಿರುವ ಮದ್ದನ್ನು ಕೊನೆಯ ಮಾತ್ರೆಯವರೆಗೆ ನುಂಗುವ ಕೆಲಸ ನಮ್ಮದು.